ಝೆರಾಕ್ಸ್ ಅಂಗಡಿಯ ‘ಆಧುನಿಕ ಯುರೋಪ್’: ಒಂದು ನೋಟ್ಸ್ ಕಟ್ಟಿನ ವಿಮರ್ಶೆ

ಮೈಸೂರಿನ ಮಾನಸಗಂಗೋತ್ರಿಯ ಆಸುಪಾಸಿನ ಝೆರಾಕ್ಸ್ ಅಂಗಡಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆಂದು ಮಾರುವ ನೋಟ್ಸ್‌ಗಳ ಪೈಕಿ ಇತಿಹಾಸದ ವಿದ್ಯಾರ್ಥಿಗಳು ಹೆಚ್ಚಾಗಿ ಕೇಳಿ ಪಡೆಯುವುದು ‘ಆಧುನಿಕ ಯುರೋಪ್, ಭಾಗ ಒಂದು’ ಎಂಬ ಸ್ಪೈರಲ್ ಬೈಂಡಿಂಗಿನ ಕಟ್ಟನ್ನು. ಬರೆದವರ ಹೆಸರು ಎಲ್ಲಿಯೂ ಇಲ್ಲ. ಕಾನ್‌ಸ್ಟಾಂಟಿನೋಪಲ್ ಪತನದಿಂದ ಹಿಡಿದು ಫ್ರೆಂಚ್ ಕ್ರಾಂತಿಯ ಹೊಸ್ತಿಲವರೆಗೆ, ಯುರೋಪಿನ ಚಿಂತನೆ, ಧರ್ಮ ಮತ್ತು ರಾಜಕಾರಣಗಳು ಬುಡಸಮೇತ ಅಲುಗಾಡಿದ ಮುನ್ನೂರು ವರ್ಷಗಳಿಗೂ ಮೀರಿದ ಅವಧಿಯನ್ನು ಕನ್ನಡದಲ್ಲಿ ಒಂದೇ ಕಡೆ ಕೊಡುತ್ತೇವೆಂಬುದು ಮುಖಪುಟದ ಭರವಸೆ. ಮಂಡ್ಯದಲ್ಲಿ ಪದವಿಪೂರ್ವ ತರಗತಿಗಳಿಗೆ ಇತಿಹಾಸ ಹೇಳುವ ನಾನು, ನನ್ನ ಹಳೆಯ ವಿದ್ಯಾರ್ಥಿಗಳು ಕೆ-ಸೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಮತ್ತು ಕೆ.ಎ.ಎಸ್. ತಯಾರಿಗೆ ಇದನ್ನೇ ನೆಚ್ಚಿಕೊಂಡಿರುವುದನ್ನು ಕಂಡು ಒಂದು ಪ್ರತಿ ಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಇಂಗ್ಲಿಷ್ ಪುಸ್ತಕಗಳನ್ನು ಓದಲು ಅನುಕೂಲವಿಲ್ಲದ ಹಳ್ಳಿಯ ಮಕ್ಕಳಿಗೆ ಈ ವಿಷಯದ ಬಾಗಿಲು ತೆರೆಯುವುದು ಇಂಥ ಕಟ್ಟುಗಳೇ ಆದ್ದರಿಂದ ಇದರ ಗುಣದೋಷಗಳನ್ನು ವಿವರವಾಗಿ ಹೇಳುವುದು ಅಗತ್ಯವೆಂದು ನನಗೆ ಅನ್ನಿಸಿದೆ.

ಮೊದಲು ಹೊರಗಿನ ಸಂಗತಿಗಳು. ಬೆಲೆ 180 ರೂಪಾಯಿ. ಹಾಳೆ ತೆಳುವಾಗಿದ್ದರೂ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುವುದಿಲ್ಲ. ಅಕ್ಷರದ ಗಾತ್ರ ರಾತ್ರಿ ದೀಪದಲ್ಲಿ ಓದುವವರಿಗೂ ಹಿತವಾಗಿದೆ. ಭಾಷೆ ನಿಜಕ್ಕೂ ಚೆನ್ನಾಗಿದೆ. ವಾಕ್ಯಗಳು ಸರಳ, ಪಾರಿಭಾಷಿಕ ಪದಗಳು ನಮ್ಮ ಪಠ್ಯಪುಸ್ತಕಗಳಲ್ಲಿ ರೂಢಿಯಾಗಿರುವಂಥವೇ, ಅನುವಾದದ ವಾಸನೆ ಕಡಿಮೆ. ಆದರೆ ವ್ಯಕ್ತಿ ಮತ್ತು ಊರುಗಳ ಹೆಸರುಗಳು ಪುಟದಿಂದ ಪುಟಕ್ಕೆ ಬದಲಾಗುತ್ತವೆ. ವಿಟೆನ್‌ಬರ್ಗ್ ಒಂದು ಕಡೆ ವಿಟ್ಟನ್‌ಬರ್ಗ್ ಆಗಿ, ಮತ್ತೊಂದು ಕಡೆ ವುಟೆಂಬರ್ಗ್ ಆಗಿ ಬರುವುದರಿಂದ ಮೊದಲ ಸಲ ಓದುವವರು ಇವು ಮೂರು ಬೇರೆ ಬೇರೆ ಊರುಗಳೆಂದು ತಿಳಿದರೆ ಆಶ್ಚರ್ಯವಿಲ್ಲ.

ಒಳಗಿನ ತೊಂದರೆ ಮೊದಲ ಅಧ್ಯಾಯದಲ್ಲೇ ಆರಂಭವಾಗುತ್ತದೆ. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದುಕೊಂಡರು, ಅಲ್ಲಿನ ಗ್ರೀಕ್ ವಿದ್ವಾಂಸರು ಹಸ್ತಪ್ರತಿಗಳನ್ನು ಹೊತ್ತು ಇಟಲಿಗೆ ಓಡಿಬಂದರು, ಅದರಿಂದ ಪುನರುಜ್ಜೀವನ ಹುಟ್ಟಿತು ಎಂಬ ಮಾತನ್ನು ದಪ್ಪಕ್ಷರದಲ್ಲಿ ಮುದ್ರಿಸಿ, ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕಲಾಗಿದೆ. ಪ್ರೌಢಶಾಲೆಯಿಂದಲೇ ನಮ್ಮ ಮಕ್ಕಳು ಉರು ಹೊಡೆಯುವ ವಾಕ್ಯ ಇದು. ಆದರೆ ಪುನರುಜ್ಜೀವನದ ಪಿತಾಮಹನೆಂದು ಇದೇ ನೋಟ್ಸ್ ಎರಡು ಪುಟಗಳ ನಂತರ ಕೊಂಡಾಡುವ ಪೆಟ್ರಾರ್ಕ್ ತೀರಿಕೊಂಡದ್ದು 1374ರಲ್ಲಿ. ಫ್ಲಾರೆನ್ಸ್ ನಗರ ಮ್ಯಾನುಯಲ್ ಕ್ರಿಸೊಲೊರಾಸ್ ಎಂಬ ಬೈಜಾಂಟೈನ್ ವಿದ್ವಾಂಸನನ್ನು ಆಹ್ವಾನಿಸಿ ಗ್ರೀಕ್ ಪಾಠ ಆರಂಭಿಸಿದ್ದು 1397ರಲ್ಲಿ, ಅಂದರೆ ಪತನಕ್ಕೆ ಅರ್ಧ ಶತಮಾನಕ್ಕೂ ಮೊದಲು. ಕಾರ್ಡಿನಲ್ ಬೆಸ್ಸಾರಿಯನ್ ತನ್ನ ಗ್ರೀಕ್ ಗ್ರಂಥಭಂಡಾರವನ್ನು 1468ರಲ್ಲಿ ವೆನಿಸ್ ನಗರಕ್ಕೆ ದಾನ ಕೊಟ್ಟಿದ್ದು ದೊಡ್ಡ ಘಟನೆಯೇ ಸರಿ. ಆದರೆ ಅದನ್ನು ಸ್ವೀಕರಿಸಿ ಓದಬಲ್ಲ ಜನ ಇಟಲಿಯಲ್ಲಿ ಅದಾಗಲೇ ಎರಡು ಮೂರು ತಲೆಮಾರಿನಿಂದ ಸಿದ್ಧರಾಗುತ್ತಿದ್ದರು. ಒಂದು ಇಸವಿಯನ್ನು ಗೂಟದಂತೆ ನೆಟ್ಟು ಅದಕ್ಕೆ ಒಂದು ಯುಗವನ್ನೇ ಕಟ್ಟಿಹಾಕಿದರೆ ವಿದ್ಯಾರ್ಥಿಗೆ ಅಂಕ ಸಿಗಬಹುದು, ಆದರೆ ಒಂದು ಸಮಾಜ ಒಳಗಿನಿಂದ ಹೇಗೆ ಬದಲಾಗುತ್ತದೆ ಎಂಬುದು ಅವನಿಗೆ ಕೊನೆಗೂ ತಿಳಿಯದೆ ಹೋಗುತ್ತದೆ.

ಇಡೀ ಕಟ್ಟಿನ ಬಗ್ಗೆ ನನ್ನ ಮುಖ್ಯ ಆಕ್ಷೇಪವೂ ಇದಕ್ಕೆ ಸೇರಿದ್ದು. ಪುನರುಜ್ಜೀವನ, ಮತಸುಧಾರಣೆ, ಅದಕ್ಕೆ ಕ್ಯಾಥೊಲಿಕ್ ಚರ್ಚು ಕೊಟ್ಟ ಉತ್ತರವಾದ ಪ್ರತಿಸುಧಾರಣೆ, ವೈಜ್ಞಾನಿಕ ಕ್ರಾಂತಿ, ನಿರಂಕುಶ ಪ್ರಭುತ್ವ, ಜ್ಞಾನೋದಯ ಎಂದು ಆರು ಅಧ್ಯಾಯ ಮಾಡಿ, ಪ್ರತಿಯೊಂದಕ್ಕೂ ಕಾರಣಗಳು, ಘಟನೆಗಳು, ಪರಿಣಾಮಗಳು ಎಂಬ ಮೂರು ಕಲಂಗಳ ಕೋಷ್ಟಕ ಹಾಕಲಾಗಿದೆ. ಒಂದು ಅಧ್ಯಾಯದ ಮನುಷ್ಯ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ವಾಸ್ತವದಲ್ಲಿ ಈ ಎಲ್ಲವೂ ಒಂದೇ ಜನರ ಬದುಕಿನಲ್ಲಿ, ಒಂದೇ ಊರುಗಳ ಬೀದಿಗಳಲ್ಲಿ, ಹಲವು ಸಲ ಒಂದೇ ಅಚ್ಚುಕೂಟದಲ್ಲಿ ನಡೆದವು. ಆ ಗೋಡೆಗಳನ್ನು ಒಡೆದು ಬರೆದ ಒಂದು ಅಧ್ಯಾಯ ಇದರಲ್ಲಿದೆ. ಕೊಟ್ಟ ಹಣಕ್ಕೆ ಮೋಸವಾಗಲಿಲ್ಲವೆಂದು ನಾನು ಹೇಳುವುದು ಅದೊಂದರಿಂದ.

ಅದು ಮತಸುಧಾರಣೆಯ ಅಧ್ಯಾಯ. ಇಲ್ಲಿ ಬರೆದವರು ಕೋಷ್ಟಕವನ್ನು ಬದಿಗಿಟ್ಟು, ಮೈನ್ಜ್ ನಗರದ ಒಂದು ಹಾಳೆಯ ಕಥೆಯಿಂದ ಆರಂಭಿಸುತ್ತಾರೆ. ಗುಟೆನ್‌ಬರ್ಗ್ ತನ್ನ ಪ್ರಸಿದ್ಧ ಬೈಬಲನ್ನು ಅಚ್ಚು ಮಾಡಿ ಮುಗಿಸಿದ್ದು 1455ರ ಸುಮಾರಿಗೆ. ಅದೇ ಊರಿನಲ್ಲಿ, ಅದೇ ಕಾಲಕ್ಕೆ, ಅದೇ ಅಚ್ಚುಮೊಳೆಯ ವಿದ್ಯೆಯಿಂದ ಹಣ ಕೊಟ್ಟವರಿಗೆ ಪಾಪದ ಶಿಕ್ಷೆಯಿಂದ ವಿನಾಯಿತಿ ಸಿಗುವುದೆಂದು ಚರ್ಚು ಕೊಡುತ್ತಿದ್ದ ಪಾಪಕ್ಷಮಾಪತ್ರಗಳೂ ಅಚ್ಚಾದವು. ಒಂದು ಬದಿಯಷ್ಟೇ ಮುದ್ರಿಸಿದ, ಕೊಂಡವರ ಹೆಸರು ಮತ್ತು ತಾರೀಖು ಬರೆಯಲು ಜಾಗ ಖಾಲಿ ಬಿಟ್ಟ ಹಾಳೆ ಅದು. ಇಂದಿನ ಕಚೇರಿಗಳಲ್ಲಿ ನಾವು ತುಂಬುವ ಅರ್ಜಿ ನಮೂನೆಗಳ ಹಾಗೆಯೇ. ಮುದ್ರಣ ಬಂದದ್ದರಿಂದ ಚರ್ಚಿನ ಬಲ ಕುಗ್ಗಿತು ಎಂದಷ್ಟೇ ಓದಿ ಬೆಳೆದ ವಿದ್ಯಾರ್ಥಿಗೆ, ಹೊಸ ಯಂತ್ರವನ್ನು ಮೊದಲು ಚೆನ್ನಾಗಿ ಬಳಸಿಕೊಂಡವರಲ್ಲಿ ಚರ್ಚೂ ಇತ್ತೆಂಬುದನ್ನು ಈ ಒಂದು ವಿವರ ಮನದಟ್ಟು ಮಾಡಿಸುತ್ತದೆ.

ಅಲ್ಲಿಂದ ಅಧ್ಯಾಯ 1514ಕ್ಕೆ ಬರುತ್ತದೆ. ಆಗಲೇ ಮ್ಯಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ ಆಲ್ಬ್ರೆಕ್ಟ್ ಮೈನ್ಜ್ ಪೀಠವನ್ನೂ ಪಡೆಯಲು ರೋಮಿಗೆ ಕಟ್ಟಬೇಕಾದ ಶುಲ್ಕಕ್ಕಾಗಿ ಔಗ್ಸ್‌ಬರ್ಗಿನ ಫುಗ್ಗರ್ ಲೇವಾದೇವಿ ಮನೆತನದಿಂದ ಸಾಲ ತೆಗೆದ. ಕ್ಷಮಾಪತ್ರಗಳ ಮಾರಾಟದಿಂದ ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೀಟರ್ ಚರ್ಚಿನ ಕಟ್ಟಡಕ್ಕೆ, ಉಳಿದರ್ಧ ಈ ಸಾಲದ ತೀರುವಳಿಗೆ ಎಂದು ಪೋಪ್ ಹತ್ತನೆಯ ಲಿಯೋನೊಡನೆ ಒಪ್ಪಂದವಾಯಿತು. ಟೆಟ್ಜೆಲ್ ಎಂಬ ಡೊಮಿನಿಕನ್ ಸಂನ್ಯಾಸಿ ಊರೂರು ತಿರುಗಿ ಮಾರಿದ. ಸ್ಯಾಕ್ಸನಿಯ ಅರಸ ಫ್ರೆಡರಿಕ್ ತನ್ನ ಸೀಮೆಯಲ್ಲಿ ಈ ಮಾರಾಟಕ್ಕೆ ಅವಕಾಶ ಕೊಡಲಿಲ್ಲ. ಆದರೆ ಅದು ಧರ್ಮಸೂಕ್ಷ್ಮದಿಂದ ಹುಟ್ಟಿದ ನಿರ್ಧಾರವೆನ್ನುವಂತಿಲ್ಲ, ಏಕೆಂದರೆ ವಿಟೆನ್‌ಬರ್ಗಿನಲ್ಲಿ ಅವನದೇ ಪವಿತ್ರ ಅವಶೇಷಗಳ ಭಾರಿ ಸಂಗ್ರಹವಿತ್ತು, ಅದರ ದರ್ಶನಕ್ಕೆ ಬರುವವರಿಗೂ ಪಾಪಕ್ಷಮೆಯ ಭರವಸೆ ಇತ್ತು. ವಿಟೆನ್‌ಬರ್ಗಿನ ಜನ ಗಡಿ ದಾಟಿ ಹೋಗಿ ಟೆಟ್ಜೆಲನಿಂದ ಪತ್ರ ಕೊಂಡು ತಂದರು. ಆ ಜನರ ಪಾಪನಿವೇದನೆ ಕೇಳಬೇಕಾಗಿದ್ದ, ಅಲ್ಲಿನ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು ಆಲ್ಬ್ರೆಕ್ಟನಿಗೆ ಪತ್ರ ಬರೆದು 95 ಪ್ರಮೇಯಗಳನ್ನು ಲಗತ್ತಿಸಿದ. ಸಾಲ, ಪದವಿ, ಅರಸರ ಪೈಪೋಟಿ, ಒಬ್ಬ ಪ್ರಾಧ್ಯಾಪಕನ ಆತ್ಮಸಂಕಟ, ಎಲ್ಲವೂ ಒಂದೇ ಎಳೆಯಲ್ಲಿ ಬರುವ ಈ ಮೂರು ಪುಟಗಳನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದ್ದೇನೆ.

ಚರ್ಚಿನ ಬಾಗಿಲಿಗೆ ಮೊಳೆ ಹೊಡೆದ ಪ್ರಸಂಗವನ್ನು ನಿಸ್ಸಂದೇಹ ಸತ್ಯದಂತೆ ಬರೆದಿರುವುದನ್ನು ಮಾತ್ರ ತಿದ್ದಿಕೊಳ್ಳಬೇಕು. ಆ ಮಾತು ನಮಗೆ ಬಂದಿರುವುದು ಮುಖ್ಯವಾಗಿ ಲೂಥರನ ಮರಣಾನಂತರ ಅವನ ಸಹೋದ್ಯೋಗಿ ಮೆಲಾಂಕ್ಥನ್ ಬರೆದುದರಿಂದ. ಅವನಾದರೋ 1517ರಲ್ಲಿ ವಿಟೆನ್‌ಬರ್ಗಿನಲ್ಲೇ ಇರಲಿಲ್ಲ. ಪತ್ರ ಹೋದದ್ದು ಖಚಿತ, ಮೊಳೆಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದಕ್ಕಿಂತ ಮುಖ್ಯವಾದುದನ್ನು ನೋಟ್ಸ್ ಸರಿಯಾಗಿ ಹಿಡಿದಿದೆ: ಪ್ರಮೇಯಗಳು ಲ್ಯಾಟಿನ್ನಿನಲ್ಲಿ ಪಂಡಿತರ ಚರ್ಚೆಗೆಂದು ಬರೆದವು, ಅವು ಆ ವರ್ಷ ಮುಗಿಯುವುದರೊಳಗೆ ನ್ಯೂರೆಂಬರ್ಗ್, ಲೈಪ್ಜಿಗ್ ಮತ್ತು ಬಾಸೆಲ್‌ಗಳಲ್ಲಿ ಅಚ್ಚಾದವು, 1518ರಲ್ಲಿ ಅದೇ ವಿಷಯವನ್ನು ಲೂಥರ್ ಜರ್ಮನ್ನಿನಲ್ಲಿ ಪುಟ್ಟ ಪ್ರವಚನವಾಗಿ ಬರೆದಾಗ ಅದು ನಗರದಿಂದ ನಗರಕ್ಕೆ ಮರುಮುದ್ರಣ ಕಂಡಿತು. 1522ರ ಸೆಪ್ಟೆಂಬರಿನಲ್ಲಿ ಬಂದ ಅವನ ಜರ್ಮನ್ ಹೊಸ ಒಡಂಬಡಿಕೆಗೆ ಡಿಸೆಂಬರಿನಲ್ಲೇ ಎರಡನೆಯ ಆವೃತ್ತಿ ಬೇಕಾಯಿತು.

1525ರ ರೈತ ದಂಗೆಯನ್ನೂ ಬರೆದವರು ಮರೆತಿಲ್ಲ. ಮೆಮ್ಮಿಂಗೆನ್ ಊರಿನಲ್ಲಿ ರೂಪುಗೊಂಡ ಹನ್ನೆರಡು ಬೇಡಿಕೆಗಳಲ್ಲಿ ಮೊದಲನೆಯದು ತಮ್ಮ ಪಾದ್ರಿಯನ್ನು ತಾವೇ ಆರಿಸಿಕೊಳ್ಳುವ ಹಕ್ಕು. ಮೂರನೆಯದು, ಕ್ರಿಸ್ತ ಎಲ್ಲರನ್ನೂ ಬಿಡಿಸಿರುವುದರಿಂದ ಯಾರೂ ಜೀತದಾಳಾಗಿರಬಾರದೆಂಬುದು. ಮಿಕ್ಕವು ಕಾಡಿನ ಸೌದೆ, ಹೊಳೆಯ ಮೀನು, ದಶಾಂಶ ತೆರಿಗೆ, ಬಿಟ್ಟಿ ದುಡಿಮೆಗೆ ಸಂಬಂಧಿಸಿದವು. ಮಂಡ್ಯದಲ್ಲಿ ರೈತ ಚಳವಳಿಯ ಮಾತು ಕೇಳಿಕೊಂಡು ಬೆಳೆದ ನನ್ನ ವಿದ್ಯಾರ್ಥಿಗಳಿಗೆ ಈ ಪಟ್ಟಿಯನ್ನು ವಿವರಿಸಲು ನಾನು ಹೆಚ್ಚು ಶ್ರಮ ಪಡಬೇಕಾಗಲಿಲ್ಲ. ಲೂಥರ್ ಮೊದಲು ಎರಡೂ ಕಡೆಯವರಿಗೆ ಬುದ್ಧಿ ಹೇಳಿ, ಆಮೇಲೆ ರೈತರನ್ನು ಹೊಡೆದು ಕೊಲ್ಲಿರೆಂದು ಅರಸರಿಗೆ ಕರೆ ಕೊಟ್ಟದ್ದನ್ನು ನೋಟ್ಸ್ ಮುಚ್ಚಿಟ್ಟಿಲ್ಲ. ಅಲ್ಲಿಂದ ಮುಂದೆ ಸುಧಾರಣೆ ಅರಸರ ಆಶ್ರಯಕ್ಕೆ ಹೆಚ್ಚು ಹೆಚ್ಚಾಗಿ ಒಳಪಟ್ಟಿತು, ಕೊನೆಗೆ 1555ರ ಔಗ್ಸ್‌ಬರ್ಗ್ ಒಪ್ಪಂದದಲ್ಲಿ ಸೀಮೆಯ ಧರ್ಮ ಕ್ಯಾಥೊಲಿಕ್ಕೋ ಲೂಥರನ್ನೋ ಎಂಬುದನ್ನು ಅರಸನೇ ತೀರ್ಮಾನಿಸುವಂತಾಯಿತು, ಒಪ್ಪದ ಪ್ರಜೆಗೆ ಊರು ಬಿಡುವ ಹಕ್ಕು ಸಿಕ್ಕಿತು ಎಂಬ ವಿವರಣೆ ಸ್ಪಷ್ಟವಾಗಿದೆ. ಆ ಒಪ್ಪಂದದಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ನನ ಅನುಯಾಯಿಗಳಿಗೆ ಜಾಗವಿರಲಿಲ್ಲ ಎಂಬ ಒಂದು ವಾಕ್ಯ ಸೇರಿಸಿದ್ದರೆ ಮುಂದೆ ಮೂವತ್ತು ವರ್ಷಗಳ ಯುದ್ಧ ಏಕೆ ಬಂತೆಂಬುದು ಓದುಗನಿಗೆ ತಾನಾಗಿ ಹೊಳೆಯುತ್ತಿತ್ತು.

ಅಧ್ಯಾಯದ ಕೊನೆಯ ಚೌಕಟ್ಟಿನಲ್ಲಿ ಬಸವಣ್ಣನವರಿಗೂ ಲೂಥರನಿಗೂ ಹೋಲಿಕೆ ಇದೆ. ಜನರ ನುಡಿಯಲ್ಲಿ ಹೇಳಿದ್ದು, ಪುರೋಹಿತರ ಮಧ್ಯಸ್ಥಿಕೆಯನ್ನು ಒಲ್ಲದಿದ್ದದ್ದು ಎಂಬ ಎರಡು ಸಾಮ್ಯಗಳನ್ನಷ್ಟೇ ಬರೆದು ನಿಲ್ಲಿಸಿದ್ದಾರೆ. ಹೋಲಿಸುವುದು ತಪ್ಪಲ್ಲ, ಆದರೆ ವ್ಯತ್ಯಾಸದಲ್ಲೇ ಹೆಚ್ಚು ಕಲಿಯುವುದಿದೆ. ವಚನಗಳು ಬಾಯಿಂದ ಬಾಯಿಗೆ, ತಾಳೆಗರಿಯಿಂದ ತಾಳೆಗರಿಗೆ ಉಳಿದು ಬಂದವು; ಕಲ್ಯಾಣದಲ್ಲಿ ಪ್ರಭುತ್ವ ತಿರುಗಿ ಬಿದ್ದಾಗ ಶರಣರು ಚದುರಬೇಕಾಯಿತು. ಲೂಥರನಿಗೆ ಅಚ್ಚುಕೂಟವೂ ಇತ್ತು, 1521ರಲ್ಲಿ ಚಕ್ರವರ್ತಿಯ ಮುಂದೆ ನಡೆದ ವರ್ಮ್ಸ್ ಸಭೆಯ ನಂತರ ಅವನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟು ಕಾಪಾಡಿದ ಅರಸನೂ ಇದ್ದ. ಹತ್ತು ಅಂಕದ ಪ್ರಶ್ನೆಗೆ ಇದನ್ನು ಬರೆಯುವ ವಿದ್ಯಾರ್ಥಿ ಈ ಅಂಶವನ್ನು ಕಡ್ಡಾಯವಾಗಿ ಸೇರಿಸಬೇಕು.

ಇಂಗ್ಲೆಂಡಿನ ಭಾಗ ತೆಳು. ಎಂಟನೆಯ ಹೆನ್ರಿಯ ವಿವಾಹ ವಿಚ್ಛೇದನವೊಂದೇ ಕಾರಣವೆಂಬ ಹಳೆಯ ಮಾತಿದೆ. 1536ರಿಂದ 1540ರವರೆಗೆ ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಯನ್ನು ಅರಮನೆ ವಶಪಡಿಸಿಕೊಂಡದ್ದರ ಪ್ರಸ್ತಾಪವಿಲ್ಲ.

ವೈಜ್ಞಾನಿಕ ಕ್ರಾಂತಿಯ ಅಧ್ಯಾಯ ಇಡೀ ಕಟ್ಟಿನಲ್ಲಿ ಅತ್ಯಂತ ದುರ್ಬಲವಾದದ್ದು, ಮತ್ತು ಇಲ್ಲಿ ನನಗೆ ನಿಜವಾಗಿ ಬೇಸರವಾಯಿತು. ಚರ್ಚು ಒಂದು ಕಡೆ, ವಿಜ್ಞಾನಿಗಳು ಇನ್ನೊಂದು ಕಡೆ ನಿಂತು ಕಾದಾಡಿದರೆಂಬುದು ಇಡೀ ಅಧ್ಯಾಯದ ತಿರುಳು. ಆದರೆ ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆಂದ ಕೋಪರ್ನಿಕಸ್ ಸ್ವತಃ ಫ್ರಾಂಬೋರ್ಕ್ ಪ್ರಧಾನ ಚರ್ಚಿನ ಆಡಳಿತ ಮಂಡಲಿಗೆ ಸೇರಿದವನು. ಅವನ ಹಸ್ತಪ್ರತಿಯನ್ನು ಹೊರತರುವಂತೆ ಒಲಿಸಿದ ರೆಟಿಕಸ್ ಬಂದದ್ದು ಲೂಥರನ ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯದಿಂದ. 1543ರಲ್ಲಿ ಗ್ರಂಥ ಅಚ್ಚಾದದ್ದು ಲೂಥರನ್ ನಗರವಾದ ನ್ಯೂರೆಂಬರ್ಗಿನಲ್ಲಿ. ಅರ್ಪಣೆ ಪೋಪ್ ಮೂರನೆಯ ಪಾಲನಿಗೆ. ಇದು ಲೆಕ್ಕಾಚಾರದ ಅನುಕೂಲಕ್ಕೆ ಮಾಡಿದ ಊಹೆ ಮಾತ್ರ, ನಿಜವೆಂದು ನಂಬಬೇಕಿಲ್ಲ ಎಂಬ ಸಹಿಯಿಲ್ಲದ ಮುನ್ನುಡಿಯನ್ನು ಸೇರಿಸಿದವನು ಓಸಿಯಾಂಡರ್ ಎಂಬ ಲೂಥರನ್ ಪಾದ್ರಿ. ರೋಮ್ ಆ ಗ್ರಂಥವನ್ನು ತಿದ್ದುಪಡಿಯಾಗುವವರೆಗೆ ತಡೆಹಿಡಿದದ್ದು 1616ರಲ್ಲಿ, ಅಂದರೆ 73 ವರ್ಷಗಳ ನಂತರ. ನಡುವೆ ಏನಾಯಿತೆಂದು ಕೇಳಿಕೊಂಡರೆ ಮತಸುಧಾರಣೆ, ಅದಕ್ಕೆ ಉತ್ತರವಾಗಿ ಕ್ಯಾಥೊಲಿಕ್ ಚರ್ಚು ಸೇರಿಸಿದ ಟ್ರೆಂಟ್ ಸಭೆ, ಬೈಬಲಿನ ಅರ್ಥ ಹೇಳುವ ಅಧಿಕಾರ ಯಾರದೆಂಬ ಜಗಳ, 1610ರಲ್ಲಿ ಗೆಲಿಲಿಯೋ ದೂರದರ್ಶಕದ ಮೂಲಕ ಕಂಡ ಗುರುವಿನ ನಾಲ್ಕು ಉಪಗ್ರಹಗಳು, ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಮತಸುಧಾರಣೆಯ ಅಧ್ಯಾಯವನ್ನು ಅಷ್ಟು ಸೊಗಸಾಗಿ ಬರೆದ ಕೈ ಇಲ್ಲಿ ಏಕೆ ಸೋತಿತೋ ತಿಳಿಯದು.

ಸೂರ್ಯಕೇಂದ್ರ ವಾದವನ್ನು ಒಪ್ಪಿದ್ದಕ್ಕಾಗಿಯೇ ಇಟಲಿಯ ಚಿಂತಕ ಬ್ರೂನೋನನ್ನು 1600ರಲ್ಲಿ ಸುಟ್ಟರೆಂಬ ವಾಕ್ಯವನ್ನೂ ವಿದ್ಯಾರ್ಥಿಗಳು ಹಾಗೆಯೇ ಬರೆಯಬಾರದು. ತ್ರಿಯೇಕತ್ವ, ಕ್ರಿಸ್ತನ ದೈವತ್ವ ಮೊದಲಾದ ಮೂಲ ನಂಬಿಕೆಗಳನ್ನು ನಿರಾಕರಿಸಿದನೆಂಬ ಆರೋಪಗಳು ಅವನ ಮೇಲೆ ಭಾರವಾಗಿದ್ದವು. ಆ ಶಿಕ್ಷೆಯ ಕ್ರೌರ್ಯ ಇದರಿಂದ ಕಡಿಮೆಯಾಗುವುದಿಲ್ಲ, ಆದರೆ ಕಾರಣವನ್ನು ಸರಿಯಾಗಿ ಹೇಳಬೇಕಾದದ್ದು ನಮ್ಮ ಕರ್ತವ್ಯ. ಗ್ರಹಗಳ ಚಲನೆಯನ್ನು ಕುರಿತ ಕೆಪ್ಲರನ ಮೂರು ನಿಯಮಗಳು ಸೂತ್ರಸಹಿತ ಇವೆ. ಅವನ ತಾಯಿ ಕ್ಯಾಥರೀನಾ ಮಾಟಗಾತಿಯೆಂಬ ಆರೋಪಕ್ಕೆ ಸಿಕ್ಕಿ, ಸೆರೆಮನೆಯಲ್ಲಿ ಸಂಕೋಲೆಯಲ್ಲಿದ್ದದ್ದು, ಗ್ರಹಗಳ ಮೂರನೆಯ ನಿಯಮವನ್ನು 1619ರಲ್ಲಿ ಪ್ರಕಟಿಸಿದ ಅದೇ ಮಗ ತನ್ನ ಕೆಲಸ ಬಿಟ್ಟು ಊರಿಗೆ ಬಂದು ಮೊಕದ್ದಮೆಯಲ್ಲಿ ವಾದ ಸಿದ್ಧಪಡಿಸಿ 1621ರಲ್ಲಿ ಅವಳನ್ನು ಬಿಡಿಸಿದ್ದು ಇಲ್ಲ. ಈ ಕಾಲದ ಯುರೋಪಿನಲ್ಲಿ ಮಾಟದ ಆರೋಪದ ಮೇಲೆ ಕೊಲ್ಲಲ್ಪಟ್ಟವರ ಸಂಖ್ಯೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ 40,000ದಿಂದ 60,000ದವರೆಗೆ ಅಂದಾಜಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಆರು ಅಧ್ಯಾಯಗಳಲ್ಲಿ ಇದಕ್ಕೆ ಒಂದು ಸಾಲೂ ಮೀಸಲಾಗಿಲ್ಲದಿರುವುದು ದೊಡ್ಡ ಲೋಪ.

ಪ್ರತಿಸುಧಾರಣೆಯ ಅಧ್ಯಾಯದಲ್ಲಿ 1545ರಿಂದ 1563ರವರೆಗಿನ ಟ್ರೆಂಟ್ ಸಭೆ, 1540ರಲ್ಲಿ ಮಾನ್ಯತೆ ಪಡೆದ ಜೆಸ್ಯುಯಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘ, ನಿಷೇಧಿತ ಗ್ರಂಥಗಳ ಪಟ್ಟಿ ಎಲ್ಲವೂ ಸರಿಯಾಗಿವೆ. ಆದರೆ ನಮ್ಮ ಪಕ್ಕದ ಗೋವೆಗೆ ಫ್ರಾನ್ಸಿಸ್ ಜೇವಿಯರ್ 1542ರಲ್ಲಿ ಬಂದದ್ದು, ಜೆಸ್ಯುಯಿಟರ ಅಚ್ಚುಕೂಟ ಅಲ್ಲಿ 1556ರಲ್ಲಿ ಆರಂಭವಾದದ್ದು ಬಿಟ್ಟುಹೋಗಿದೆ. ಕನ್ನಡದಲ್ಲಿ ಬರೆಯುವವರು ಇಂಥ ಎಳೆಗಳನ್ನು ಬಿಡಬಾರದೆಂಬುದು ನನ್ನ ಆಗ್ರಹ. ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಬಾಸೆಲ್ ಮಿಷನ್ನಿನಿಂದ, ಮಂಗಳೂರು ಹೆಂಚಿನಿಂದ, 1894ರ ಕಿಟೆಲ್ ನಿಘಂಟಿನಿಂದ ಚಿರಪರಿಚಿತ. ಅದೇ ಬಾಸೆಲಿನಲ್ಲಿ ಮಾನವತಾವಾದಿ ವಿದ್ವಾಂಸ ಎರಾಸ್ಮಸ್ ಸಂಪಾದಿಸಿದ ಗ್ರೀಕ್ ಹೊಸ ಒಡಂಬಡಿಕೆ 1516ರಲ್ಲಿ ಫ್ರೋಬೆನನ ಅಚ್ಚುಕೂಟದಿಂದ ಹೊರಬಂತು; ಕ್ಯಾಲ್ವಿನ್ನನ ಮುಖ್ಯ ಗ್ರಂಥದ ಮೊದಲ ಆವೃತ್ತಿ 1536ರಲ್ಲಿ ಅಚ್ಚಾಯಿತು; ಮನುಷ್ಯದೇಹದ ರಚನೆಯನ್ನು ಚಿತ್ರಸಹಿತ ತೋರಿಸಿದ ವೆಸೇಲಿಯಸ್‌ನ ಗ್ರಂಥ 1543ರಲ್ಲಿ ಬಂತು. ಮಾನವತಾವಾದ, ಮತಸುಧಾರಣೆ, ವಿಜ್ಞಾನ ಎಂದು ನೋಟ್ಸ್ ಮೂರು ಗೂಡುಗಳಲ್ಲಿ ಇಟ್ಟಿದ್ದೆಲ್ಲ ಒಂದೇ ಊರಿನಲ್ಲಿ ಒಂದು ತಲೆಮಾರಿನೊಳಗೆ ನಡೆಯಿತು. ಈ ಒಂದು ಊರಿನ ಮೇಲೆ ಎರಡು ಪುಟ ಬರೆದಿದ್ದರೂ ಕನ್ನಡದ ವಿದ್ಯಾರ್ಥಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ನಿರಂಕುಶ ಪ್ರಭುತ್ವದ ಅಧ್ಯಾಯ ಮಧ್ಯಮ ದರ್ಜೆಯದು. ಮೂವತ್ತು ವರ್ಷಗಳ ಯುದ್ಧ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ನಡೆದದ್ದೆಂದು ಆರಂಭಿಸಿ, ಫ್ರಾನ್ಸಿನ ಪಾತ್ರಕ್ಕೆ ಬಂದಾಗ ವಿವರಣೆ ಮುಗ್ಗರಿಸುತ್ತದೆ. ಫ್ರಾನ್ಸಿನ ದೊರೆಯ ಮುಖ್ಯಮಂತ್ರಿಯಾಗಿದ್ದ ಕಾರ್ಡಿನಲ್ ರಿಷೆಲ್ಯೂ 1628ರಲ್ಲಿ ತನ್ನ ದೇಶದ ಪ್ರೊಟೆಸ್ಟೆಂಟರ ಲಾ ರೊಷೆಲ್ ಕೋಟೆಯನ್ನು ಶರಣಾಗಿಸಿದವನು. ಅವನೇ 1631ರಲ್ಲಿ ಪ್ರೊಟೆಸ್ಟೆಂಟ್ ಸ್ವೀಡನ್ನಿಗೆ ಯುದ್ಧಕ್ಕೆ ಹಣ ಕೊಟ್ಟ, 1635ರಲ್ಲಿ ಕ್ಯಾಥೊಲಿಕ್ ಸ್ಪೇನಿನ ಮೇಲೆ ಬಹಿರಂಗವಾಗಿ ಯುದ್ಧ ಸಾರಿಸಿದ. ಧರ್ಮಶ್ರದ್ಧೆಯೂ ರಾಜ್ಯದ ಹಿತಾಸಕ್ತಿಯೂ ಬೇರೆಯಾಗತೊಡಗಿದ ಗಳಿಗೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ ಸಾರ್ವಭೌಮ ರಾಷ್ಟ್ರಗಳು ಹುಟ್ಟಿದವೆಂಬ ಸಾಲು ನೋಟ್ಸ್‌ನಲ್ಲಿ ಮೂರು ಸಲ ಬರುತ್ತದೆ. ಒಪ್ಪಂದದ ನಿಜವಾದ ಅಂಶಗಳು ಇದಕ್ಕಿಂತ ನೆಲದ ಮೇಲಿನವು: ಕ್ಯಾಲ್ವಿನ್ ಪಂಥಕ್ಕೆ ಮನ್ನಣೆ, 1624ನ್ನು ಆಧಾರ ವರ್ಷವಾಗಿಟ್ಟುಕೊಂಡು ಚರ್ಚುಗಳ ಆಸ್ತಿ ಮತ್ತು ಆರಾಧನೆಯ ಹಕ್ಕುಗಳ ಇತ್ಯರ್ಥ. ಪವಿತ್ರ ರೋಮನ್ ಸಾಮ್ರಾಜ್ಯ 1806ರವರೆಗೂ ಬದುಕಿತ್ತೆಂಬುದನ್ನೂ ನೆನಪಿಡಬೇಕು.

ಇಂಗ್ಲೆಂಡಿನ ಅಂತರ್ಯುದ್ಧ, 1649ರಲ್ಲಿ ಮೊದಲನೆಯ ಚಾರ್ಲ್ಸ್ ದೊರೆಯ ಶಿರಚ್ಛೇದ, ಎರಡು ವರ್ಷಗಳ ನಂತರ ಬಂದ ರಾಜಕೀಯ ಚಿಂತಕ ಹಾಬ್ಸನ ‘ಲೆವಿಯಾಥನ್’ ಗ್ರಂಥ, 1689ರ ಹಕ್ಕುಗಳ ಮಸೂದೆ ಇವನ್ನು ಜೋಡಿಸಿರುವ ರೀತಿ ಮೆಚ್ಚುವಂಥದ್ದು. ಇಂಗ್ಲಿಷ್ ಚಿಂತಕ ಲಾಕ್‌ನ ಧಾರ್ಮಿಕ ಸಹನೆಯನ್ನು ಹೊಗಳುವಾಗ, ಅವನು ನಾಸ್ತಿಕರನ್ನು ಅದರಿಂದ ಹೊರಗಿಟ್ಟಿದ್ದನೆಂಬುದನ್ನೂ ಹೇಳಬೇಕಿತ್ತು. ಜ್ಞಾನೋದಯದ ಅಧ್ಯಾಯ ಹೆಸರುಗಳ ಯಾದಿಯಷ್ಟೇ. ಪರೀಕ್ಷೆಗೆ ಓದುವವರು ಅದಕ್ಕೆ ಬೇರೆ ಪುಸ್ತಕವನ್ನು ಆಶ್ರಯಿಸುವುದು ಒಳ್ಳೆಯದು.

ಕೊನೆಯಲ್ಲಿರುವ ಮಾದರಿ ಪ್ರಶ್ನೆಗಳಲ್ಲಿ ಬಹು ಆಯ್ಕೆಯವು ಉಪಯುಕ್ತ, ಉತ್ತರಗಳೂ ಬಹುಪಾಲು ಸರಿ. ಪ್ರಬಂಧ ಮಾದರಿಯ ಉತ್ತರಗಳನ್ನು ಕಂಠಪಾಠ ಮಾಡಬೇಡಿರೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ, ಏಕೆಂದರೆ ಅವು ಮತ್ತೆ ಅದೇ ಕೋಷ್ಟಕಗಳನ್ನು ವಾಕ್ಯಗಳಾಗಿ ಹಿಗ್ಗಿಸಿದವು. ಕೆ-ಸೆಟ್ ಬರೆಯುವವರಿಗೆ ಈ ಕಟ್ಟು ಪುನರಾವರ್ತನೆಗೆ ಸಾಕಾಗಬಹುದು, ಕೆ.ಎ.ಎಸ್. ಮುಖ್ಯ ಪರೀಕ್ಷೆಗೆ ಇದೊಂದನ್ನೇ ನಂಬಿ ಕೂರುವಂತಿಲ್ಲ. ಪಿಯುಸಿ ಉಪನ್ಯಾಸಕರು ಮತಸುಧಾರಣೆಯ ಅಧ್ಯಾಯಕ್ಕಾಗಿಯಾದರೂ ಕೊಳ್ಳಬೇಕು. ಭೂಪಟಗಳು ಪ್ರತಿಯ ಪ್ರತಿಯಾಗಿ ಮಸಿ ಬಳಿದಂತಾಗಿರುವುದರಿಂದ, ಮೈನ್ಜ್, ವಿಟೆನ್‌ಬರ್ಗ್, ಬಾಸೆಲ್, ಟ್ರೆಂಟ್ ಎಲ್ಲಿವೆ ಎಂದು ತೋರಿಸುವ ಒಂದು ಬಣ್ಣದ ಅಟ್ಲಾಸನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು. ಕೊಳ್ಳುವಾಗ ಅಂಗಡಿಯಲ್ಲೇ ಪುಟಸಂಖ್ಯೆಗಳನ್ನು ಒಮ್ಮೆ ತಿರುವಿ ನೋಡಿಕೊಳ್ಳಿ. ನನಗೆ ಮೊದಲು ಸಿಕ್ಕ ಪ್ರತಿಯಲ್ಲಿ ನಾಲ್ಕನೆಯ ಅಧ್ಯಾಯದ ಎರಡು ಹಾಳೆಗಳು ಇರಲಿಲ್ಲ, ಹೇಳಿದಾಗ ಅಂಗಡಿಯವರು ತಕರಾರಿಲ್ಲದೆ ಬೇರೆ ಪ್ರತಿ ಕೊಟ್ಟರು.